ಕಂಪೌಂಡರರ ಅರ್ಧ ಮಾತು

೧೯೨೬ರ ಆಷಾಢದಲ್ಲಿ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕಣ್ಣಿಗೆ ಹೂ ಬಿತ್ತು. ಸಸಿ ಹಚ್ಚುವಾಗ ಹುಲ್ಲಿನ ಗರಿ ತಾಗಿದ್ದೇ ನೆಪ. ಇನ್ನೊಂದು ಕಣ್ಣು ಸಣ್ಣವಳಿದ್ದಾಗಲೇ ಮೈಲಿಬೇನೆಗೆ ಹೋಗಿತ್ತು. ಇದು ಉಳಿದ ಒಂದೇ ಕಣ್ಣಿಗೆ ಬಂದ ಕುತ್ತು. ಖಾನಾಪುರದ ದವಾಖಾನೆಯ ಡಾಕ್ಟರರು ರೆಪ್ಪೆ ಎತ್ತಿ ನೋಡಿದರು. ಬಿಳುಪು ಕಣ್ಣಗೊಂಬೆಯ ಮೇಲೆ ಹಬ್ಬುವುದರೊಳಗೆ ಬೆಳಗಾವಿಯ ಕಣ್ಣಿನ ಸಾಹೇಬರಿಗೆ ತೋರಿಸಬೇಕು, ತಡವಾದರೆ ಯಾರ ಕೈಯಲ್ಲೂ ಇಲ್ಲ ಎಂದು ಚೀಟಿ ಬರೆದುಕೊಟ್ಟರು. ಅಣ್ಣ ಮರದ ಕೆಲಸಕ್ಕೆ ಕಣಕುಂಬಿಯ ಕಡೆ ಹೋದವನು ಮಳೆಗೆ ದಾರಿ ಕಟ್ಟಿ ಅಲ್ಲೇ ಉಳಿದಿದ್ದ. ತಾಯಿಯಿಲ್ಲದ ನನ್ನನ್ನು ಉಣಿಸಿ ದೊಡ್ಡವನನ್ನಾಗಿ ಮಾಡಿದ ವೈನಿಯನ್ನು ಕರೆದೊಯ್ಯಲು ನಾನೊಬ್ಬನೇ ಇದ್ದೆ.

ನಾನು ಎಂಥವನೆಂದು ಖಾನಾಪುರದವರಿಗೆ ಗೊತ್ತು. ಮಾರುತಿರಾಯನ ಈ ಮಹಿಮೆ ಕೇಳುವ ಉಳಿದ ಭಕ್ತರಿಗೆ ಹೇಳಬೇಕು. ನಾನು ಅಣಕದವ. ಮಾಸ್ತರರ ಮೂಗಿನ ದನಿ, ಗೌಡರ ಕೆಮ್ಮು, ಸಾಲದ್ದಕ್ಕೆ ಹೆಣ್ಣು ನೋಡಲು ಹೋದಾಗ ನಾನೇ ಬೆವತು ತೊದಲಿದ್ದು, ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ಆಡಿ ತೋರಿಸುವವ. ಕೋತಿಬುದ್ಧಿಯವನ ಪಾಲಿಗೆ ಮಾರುತಿರಾಯನೇ ದೇವರಾಗಿ ಬಂದದ್ದು ನ್ಯಾಯವೇ ಸರಿ.

ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣಿನ ಕೋಣೆಗೆ ಕೀಲಿ ಬಿದ್ದಿತ್ತು. ಕೇಳಿದರೆ ಸಿಪಾಯಿ ಔಷಧ ಕೊಡುವ ಕಿಡಕಿಯತ್ತ ಕೈ ಮಾಡಿದ. ಅಲ್ಲಿದ್ದ ಕಂಪೌಂಡರರು ನಡುವಯಸ್ಸಿನವರು, ಉಗ್ಗುವವರು. ಚೀಟಿ ನೋಡಿ ಬಾಯಿ ತೆರೆದರು. “ಗು... ಗು...” ಎಂದರು.

ಬೇಕೆಂದೇ ಮಾಡಿದೆನೆಂದರೆ ಸುಳ್ಳಾದೀತು. ಎದುರಿನವರ ದನಿ ನನ್ನ ನಾಲಿಗೆಗೆ ತಾನೇ ಹತ್ತುತ್ತದೆ. “ಗು... ಗು... ಗುರುವಾರ ಏನ್ರಿ?” ಎಂದುಬಿಟ್ಟೆ. ಹಿಂದೆ ನಿಂತವರು ಘೊಳ್ಳೆಂದು ನಕ್ಕರು. ಆ ನಗೆ ಕೇಳಿದ್ದೇ ತಡ, ಮುಂದಿನದನ್ನು ಬೇಕೆಂದೇ ಮಾಡಿದೆ. “ತಿ... ತಿ... ತಿಳೀತ್ರಿ” ಎಂದೆ. ಕಂಪೌಂಡರರ ಮುಖ ಕೆಂಪೇರಿತು. ಹೊರಗಡೆಗೆ ಕೈ ತೋರಿಸಿದರು. ನನ್ನನ್ನು ಹೊರಗೆ ಹೋಗೆನ್ನುತ್ತಿದ್ದಾರೆಂದುಕೊಂಡು ಹೊರಟೆ. ಗಾಡಿಯಲ್ಲಿ ಅದನ್ನೇ ಮತ್ತೆ ಆಡಿ ತೋರಿಸಿದೆ. ಕಣ್ಣಿಗೆ ಅರಿವೆ ಒತ್ತಿ ಹಿಡಿದ ವೈನಿಯೂ ನಕ್ಕಳು. ನಕ್ಕು, ನೋವಿಗೆ ಹಲ್ಲು ಕಚ್ಚಿದಳು. ಅದನ್ನು ಕಂಡೂ ನಾನು ನಿಲ್ಲಿಸಲಿಲ್ಲ.

ಗುರುವಾರ ಹೋದರೆ ಅದೇ ಕೀಲಿ, ಅದೇ ಕಿಡಕಿ. ಅವರು “ಗು...” ಎನ್ನುವುದರೊಳಗೆ ಇವತ್ತೇ ಗುರುವಾರ ಅಲ್ಲೇನ್ರೀ ಎಂದು ನಾನು ಜೋರು ಮಾಡುವೆ. ಅವರು ಹೊರಗೆ ಕೈ ತೋರಿಸಿ ಇನ್ನೊಬ್ಬರ ಚೀಟಿ ತೆಗೆದುಕೊಳ್ಳುವರು. ಆಷಾಢದ ಗುರುವಾರಗಳೆಲ್ಲ ಹೀಗೇ ಹೋದವು. ಪ್ರತಿ ಸಲವೂ ಅಲ್ಲಿಂದ ಹತ್ತಿರದ ಮಾರುತಿಯ ಗುಡಿಗೆ ಹೋಗಿ ದೇವರೊಡನೆ ಜಗಳಾಡುತ್ತಿದ್ದೆ. ಬಾಜೂಕಿನ ಧರ್ಮಶಾಲೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಇಬ್ಬರೂ ರೊಟ್ಟಿ ತಿನ್ನುತ್ತಿದ್ದೆವು.

ಶ್ರಾವಣ ಹುಟ್ಟುವ ಹೊತ್ತಿಗೆ ವೈನಿ ತಾಟಿನಲ್ಲಿ ಅನ್ನವೆಲ್ಲಿದೆ, ಸಾರೆಲ್ಲಿದೆ ಎಂದು ಬೆರಳಿನಿಂದ ತಡವಿ ನೋಡತೊಡಗಿದಳು. ಒಂದು ದಿನ ನನ್ನ ಮುಖ ಸವರಿ, “ಮೀಸಿ ಬಂದಾವೇನೋ ನಿನಗ? ನಾ ನೋಡೇ ಇಲ್ಲಲ್ಲೋ” ಎಂದಳು. ಅವಳು ಚೇಷ್ಟೆಗೆ ಅಂದದ್ದು. ಆ ಸಂಜೆ ಮಳೆಯಲ್ಲೇ ಊರ ಹನುಮಪ್ಪನ ಗುಡಿಗೆ ಹೋಗಿ ಅಡ್ಡಬಿದ್ದೆ. ನನ್ನ ಬಾಯಿಗೆ ಬಲ ಕೊಡಪ್ಪಾ, ನಾಳೆ ಆ ಕಿಡಕಿಯ ಮುಂದೆ ನನ್ನ ಮಾತೇ ನಡೆಯಲಿ ಎಂದು ಬೇಡಿಕೊಂಡೆ.

ಬೆಳಿಗ್ಗೆ ಎದ್ದರೆ ಗಂಟಲು ಪೂರಾ ಕಟ್ಟಿತ್ತು. ಗಾಳಿ ಬರುತ್ತಿತ್ತು, ದನಿ ಇರಲಿಲ್ಲ. ಅಣಕಿಸುವವನನ್ನು ಅಣಕಿಸಲು ದೇವರಿಗೂ ಇದೇ ದಿನ ಬೇಕಾಯಿತೇ ಎಂದು ಅಳು ಬಂತು.

ಕಿಡಕಿಯ ಮುಂದೆ ಚೀಟಿ ಹಿಡಿದು ಸುಮ್ಮನೆ ನಿಂತೆ. ಕಂಪೌಂಡರರು ನನ್ನ ಗುರುತು ಹಿಡಿದು ಮೊದಲು ಬಾಯಿ ತೆರೆಯಲಿಲ್ಲ. ನನ್ನಿಂದ ಏನೂ ಬಾರದ್ದನ್ನು ಕಂಡು ಮೆಲ್ಲಗೆ “ಗು...” ಎಂದರು. ನಾನು ಕಾದೆ; ಕಾಯದೆ ಬೇರೆ ದಾರಿ ಇರಲಿಲ್ಲ. ಅವರ ಕೊರಳಿನ ನರ ಉಬ್ಬಿತು, ಕಣ್ಣು ಮುಚ್ಚಿದವು.

“ಗು... ಗುಡಿ. ಮಾರುತಿ ಗುಡಿ ಬಾ... ಬಾಜೂಕಿನ ಧರ್ಮಶಾಲಿ. ಇಲ್ಲಿ ಕಣ್ಣಿನ ಕೋಣಿ ಮಾಡು ಸೋರತೈತಿ. ಸಾಹೇಬ್ರು ಅ... ಅಲ್ಲೇ ನೋಡತಾರ.”

ಪರಗಂಡಸರೊಡನೆ ಎಂದೂ ಮಾತಾಡದ ವೈನಿ ಸೆರಗು ಎಳೆದುಕೊಂಡು, “ಯಾವತ್ತು ಬರೂಣ್ರಿ ಅಣ್ಣಾರ?” ಎಂದಳು.

“ಸೋ... ಸೋಮವಾರ, ತಂಗಿ.”

ಇಷ್ಟು ದಿನ ನನ್ನ ಹಿಂದೆ ನಿಂತ ಉಳಿದವರೆಲ್ಲ ಈ ಮಾತನ್ನು ಪೂರ್ತಿ ಕೇಳಿಕೊಂಡು ಎಂದೋ ತೋರಿಸಿ ಬಂದಿದ್ದರು. ನಾನು ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತು, ದೇವರು ದಾರಿ ತೋರಿಸಲಿಲ್ಲವೆಂದು ದೇವರನ್ನೇ ಬೈದಿದ್ದೆ.

ಸೋಮವಾರ ಸಾಹೇಬರು ಕಣ್ಣು ನೋಡಿ, ಚೀಟಿಯ ಮೇಲಿನ ತಾರೀಖು ನೋಡಿ, ಇಷ್ಟು ದಿನ ಯಾಕೆ ಬರಲಿಲ್ಲವೆಂದು ಸಿಟ್ಟಾದರು. ಆ ಹೊತ್ತಿಗೆ ನನಗೆ ದನಿ ಬಂದಿತ್ತು. ಆದರೂ ವೈನಿಯೇ, “ಮಳಿ ಭಾಳ ಇತ್ತರಿ” ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಿಳುಪು ಗೊಂಬೆಯ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ವಾರ ಕಳೆದಿದ್ದರೆ ಕಣ್ಣು ಹೋಗುತ್ತಿತ್ತಂತೆ. ಔಷಧ ಹಾಕಿ ಹಾಕಿ ಅದನ್ನು ಅಲ್ಲಿಯೇ ತಡೆದರು. ಈಗ ವೈನಿ ಹಗಲಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ. ಮುಚ್ಚಂಜೆಯಾದರೆ ಮಾತ್ರ ಒಂದು ಬದಿ ಮಬ್ಬು. ಆ ಮಬ್ಬು ನನ್ನ ಪಾಲಿನದು. ಉಳಿದ ಬೆಳಕೆಲ್ಲ ಮಾರುತಿರಾಯ ಕೊಟ್ಟದ್ದು. ಬೇಡಿದ್ದನ್ನು ಕೊಡದೆ ಕಾಪಾಡುವ ದೇವರನ್ನು ಆ ದಿನದಿಂದ ನಾನು ಗಟ್ಟಿಯಾಗಿ ನಂಬಿದ್ದೇನೆ.

ಗುಡಿಯ ಪ್ರಸಾದದ ತೆಂಗಿನ ಹೋಳು ಹಿಡಿದು ಕಿಡಕಿಗೆ ಹೋದೆ. ಕಂಪೌಂಡರರು ತಲೆ ಎತ್ತಿದರು. ತಪ್ಪಾಯಿತೆನ್ನಲು ಹೊರಟು “ತ... ತ...” ಎಂದು ನಿಂತುಬಿಟ್ಟೆ. ನನ್ನಾಣೆ, ಅದು ಅಣಕವಾಗಿರಲಿಲ್ಲ. ಹಿಂದಿನವರು ಅಂದು ನಕ್ಕಂತೆಯೇ ನಕ್ಕರು. ಕಂಪೌಂಡರರು ನಗಲಿಲ್ಲ. ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟು, ನನ್ನ ಮಾತು ಮುಗಿಯುವ ತನಕ ಕಾದರು.