ರೂಮಿನಮ್ಮ ನಾಯಿ ಹಿಡಿದು ಕೂತ ಬೆಳಿಗ್ಗೆ

ರೂಮಿನಮ್ಮನ ಎಡಗಾಲಿನ ಮೀನಖಂಡದಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ ಗುಂಡಿಯಿತ್ತು. ಸೀರೆ ಎತ್ತಿಕಟ್ಟಿ ಬಚ್ಚಲು ಉಜ್ಜಲು ಕೂತಾಗಲೆಲ್ಲ ಅದು ಕಾಣುತ್ತಿತ್ತು. ಎಂಟು ವರ್ಷದವರಿದ್ದಾಗ ತಮ್ಮೂರು ಹುಲಿಕೆರೆಯ ಕೊಳದ ಹತ್ತಿರ ನಾಯಿ ಕಚ್ಚಿದ ಗುರುತು. ಹೊಟ್ಟೆಯ ಸುತ್ತ ಸೂಜಿ ಹಾಕಿಸಿಕೊಂಡ ಕತೆಯನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಎಲ್ಲೋ ದೂರದಲ್ಲಿ ಬೀದಿನಾಯಿ ಕಂಡರೂ ಸಾಕು, ನಗು ನಿಂತು ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.

ಬೇಲೂರಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿದ್ದ ಹದಿನೆಂಟು ರೂಮಿನ ರೆಸಾರ್ಟು ಅದು. ತೊಂಬತ್ತರ ದಶಕದ ಕೊನೆಯಲ್ಲಿ, ಅರಸೀಕೆರೆಯಲ್ಲಿ ಬಿ.ಕಾಂ. ಮುಗಿಸಿದವಳು ಅಲ್ಲಿನ ಕೌಂಟರಿಗೆ ಸೇರಿದ್ದೆ. ರೂಮು ಗುಡಿಸಿ ಒರೆಸುವ ಹೆಂಗಸರಿಗೆಲ್ಲ ಅವರೇ ಮುಖ್ಯಸ್ಥೆ. ನಾವೆಲ್ಲ ಅವರನ್ನು ರೂಮಿನಮ್ಮ ಎನ್ನುತ್ತಿದ್ದೆವು. ಓದು ಬರಹ ಬರುತ್ತಿರಲಿಲ್ಲ. ಹಾಸಿಗೆ ಹಾಸಿದ ಮೇಲೆ ಪ್ರತಿ ರೂಮಿನಲ್ಲೂ ಮಂಚದ ತುದಿಯಲ್ಲಿ ಒಂದು ಸಲ ಕೂತು ಸುತ್ತ ನೋಡುವುದು ಅವರ ಪದ್ಧತಿ. "ಬಂದೋರು ದಣಿದು ಕೂತ್ಕಂಡಾಗ ಏನ್ ಕಾಣ್ತದೋ, ಅದು ಮೊದ್ಲು ನಮ್ಗೆ ಕಾಣ್ಬೇಕು ಕಣವ್ವ" ಎನ್ನುತ್ತಿದ್ದರು. ಹಾಗೆ ಕೂತಾಗಲೇ ಅವರಿಗೆ ಫ್ಯಾನಿನ ಧೂಳು, ಕಿಟಕಿಯ ಮೂಲೆಯ ಜೇಡ, ಕನ್ನಡಿಯ ಮೇಲಿನ ಬೊಟ್ಟು ಎಲ್ಲ ಸಿಗುತ್ತಿತ್ತು.

ಕೌಂಟರಿನ ಪಕ್ಕದ ಗೋಡೆಯಲ್ಲಿ 'ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿತ್ತು. ಯಾರದೋ ನಾಯಿ ಸೋಫಾ ಹರಿದುಹಾಕಿದ ಮೇಲೆ ಮಾಲೀಕರು ಬರೆಸಿದ್ದು. ಅದನ್ನು ಹಾಕಿದ ದಿನ ರೂಮಿನಮ್ಮನಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಲ್ಲವಂತೆ.

ನಾನು ಸೇರಿ ಮೂರನೆಯ ತಿಂಗಳು. ಒಂದು ಸಂಜೆ ಟ್ಯಾಕ್ಸಿಯಿಂದ ನಡುವಯಸ್ಸಿನ ಹೆಂಗಸೊಬ್ಬರು ಇಳಿದರು. ಕಪ್ಪು ಕನ್ನಡಕ, ಕೈಯಲ್ಲಿ ಒಂದು ಹಿಡಿಕೆ. ಆ ಹಿಡಿಕೆಯ ಪಟ್ಟಿ ಗೋಧಿ ಬಣ್ಣದ ದೊಡ್ಡ ನಾಯಿಯೊಂದರ ಬೆನ್ನಿಗೆ ಬಿಗಿದಿತ್ತು. ನಾಯಿ ಮೆಟ್ಟಿಲ ಮುಂದೆ ನಿಂತಿತು. ಅವರು ಪಾದದಿಂದ ಮೆಟ್ಟಿಲನ್ನು ತಡವಿ ಹತ್ತಿದರು. ಕೌಂಟರಿನ ಮುಂದೆ ಬಂದದ್ದೇ ನಾಯಿ ಅವರ ಕಾಲ ಬಳಿ ಕೂತಿತು.

"ಒಂದು ರಾತ್ರಿಗೆ ರೂಮ್ ಬೇಕಾಗಿತ್ತು" ಎಂದರು. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವರು. ಹೊರದೇಶದಲ್ಲಿದ್ದಾಗ ಕಾಯಿಲೆಯಿಂದ ಕಣ್ಣು ಹೋಗಿ, ದಾರಿ ತೋರಿಸಲು ಪಳಗಿಸಿದ ಈ ನಾಯಿಯ ಜೊತೆ ಊರಿಗೆ ಮರಳಿದ್ದರು. ಚಿಕ್ಕಂದಿನಲ್ಲಿ ತಂದೆ ತೋರಿಸಿದ್ದ ಹಳೇಬೀಡಿಗೆ ಇನ್ನೊಮ್ಮೆ ಹೋಗುವ ಆಸೆ. "ಬರೋ ದಾರಿಯಲ್ಲಿ ಎರಡು ಕಡೆ ಕೇಳಿದೆ. ನಾಯಿ ಅಂದ ತಕ್ಷಣ ಆಗಲ್ಲ ಅಂದ್ರು."

ನಾನು ಸಂಕೋಚದಿಂದಲೇ ಗೋಡೆಯತ್ತ ಕೈ ತೋರಿಸಿದೆ. "ಮೇಡಂ, ಅಲ್ಲಿ ಬೋರ್ಡ್ ಇದೆ..."

ಒಗೆದ ಟವೆಲ್ಲುಗಳನ್ನು ಹೊತ್ತು ಬರುತ್ತಿದ್ದ ರೂಮಿನಮ್ಮ ನಾಯಿಯನ್ನು ಕಂಡು ಕಂಬದ ಹಿಂದೆಯೇ ನಿಂತುಬಿಟ್ಟಿದ್ದರು. ಅಲ್ಲಿಂದಲೇ ಹೇಳಿದರು: "ಕಣ್ ಕಾಣ್ದೋರ್ಗೆ ಬೋರ್ಡ್ ತೋರಿಸ್ತೀಯಲ್ಲವ್ವ. ನಾಕನೇ ನಂಬ್ರ ಖಾಲಿ ಐತೆ, ಮೆಟ್ಲಿಲ್ಲ. ಬೀಗದ ಕೈ ಕೊಡು."

"ಸಾಹುಕಾರ್ರು ಕೇಳಿದ್ರೆ?"

"ನಾನ್ ಹೇಳ್ಕತೀನಿ."

ಕೊಟ್ಟೆ. ಊಟದ ಹೊತ್ತಿಗೆ ಪಕ್ಕದ ರೂಮಿನವರು ಜಗಳಕ್ಕೆ ಬಂದರು. ರೂಮಿನಮ್ಮ ಅವರಿಗೆ ಕೈಮುಗಿದು, "ಅದು ಆಟ ಆಡೋ ನಾಯಿ ಅಲ್ಲ ಸಾರ್. ನಮ್ಮಂಗೇ ಡ್ಯೂಟಿ ಮೇಲೈತೆ" ಎಂದರು. ಹಾಗೆನ್ನುವಾಗಲೂ ಅವರ ಕಣ್ಣು ನಾಲ್ಕನೇ ನಂಬರಿನ ಬಾಗಿಲ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಕೆಲಸವನ್ನು ಉಳಿದವರಿಗೆ ಒಪ್ಪಿಸಿ, ಆಕೆಯ ಜೊತೆ ನಾನೂ ರೂಮಿನಮ್ಮನೂ ಹಳೇಬೀಡಿಗೆ ಹೊರಟೆವು. ನಾಯಿಯನ್ನು ಗುಡಿಯೊಳಕ್ಕೆ ಕರೆದೊಯ್ಯುವಂತಿರಲಿಲ್ಲ. ಯಾರಾದರೊಬ್ಬರು ಹೊರಗೆ ಹಿಡಿದುಕೊಂಡಿರಬೇಕು. ನಾನು ಹಿಡಿದರೆ, ಕೆತ್ತನೆಯಲ್ಲಿ ಯಾವುದು ಏನೆಂದು ಪುಸ್ತಕ ನೋಡಿ ಆಕೆಗೆ ಓದಿ ಹೇಳುವವರಿಲ್ಲ. ರೂಮಿನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಿದರು. ನಾಯಿಯ ಹಗ್ಗವನ್ನು ತುದಿಯಲ್ಲಿ ಹಿಡಿದು ಆದಷ್ಟು ದೂರ ನಿಂತರು.

"ಬ್ಯಾಡ ರೂಮಿನಮ್ಮ, ನಿಮಗೆ ಆಗಲ್ಲ" ಎಂದೆ.

"ಹೋಗವ್ವ. ಆಯಮ್ಮ ಅಷ್ಟು ದೂರದಿಂದ ಬಂದವ್ರೆ."

ಎರಡು ಗಂಟೆ ಹೊತ್ತು ನಾನೂ ಆಕೆಯೂ ಗುಡಿಯ ಸುತ್ತ ನಡೆದೆವು. ಕಾವಲುಗಾರರನ್ನು ಕೇಳಿಕೊಂಡು, ಗೋಡೆಯ ಬುಡದ ಆನೆಯ ಸಾಲಿನ ಮೇಲೆ ಆಕೆ ಬೆರಳಾಡಿಸಿದರು. ಒಂದಾನೆಯ ಸೊಂಡಿಲು ಮುಗಿದು ಮುಂದಿನದರ ಬಾಲ ಸಿಕ್ಕಾಗ ಗಟ್ಟಿಯಾಗಿ ನಕ್ಕರು. ಒಂದು ಮೂಲೆಯಲ್ಲಿ ನಿಂತು, "ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ರು. ಅದಕ್ಕೇ ಈ ಆನೆಗಳು ನನಗೆ ನೆನಪೇ ಇಲ್ಲ, ಮೇಲಿನವು ಮಾತ್ರ ನೆನಪು" ಎಂದರು.

ವಾಪಸು ಬಂದಾಗ ರೂಮಿನಮ್ಮ ಮರದ ಕೆಳಗೆ ಕಾಲು ನೀಡಿ ಕಂಬದ ಹಾಗೆ ಕೂತಿದ್ದರು. ಕುತ್ತಿಗೆಯೆಲ್ಲ ಬೆವರು. ನಾಯಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು.

"ಕಾಲು ಜೋಮು ಹಿಡ್ದದೆ ಕಣವ್ವ" ಎಂದು ಪಿಸುಗುಟ್ಟಿದರು. "ನಿದ್ದೆ ಮಾಡ್ತಿತ್ತು. ಪಾಪ, ಅದ್ಕೆ ರಜ ಯಾವಾಗ ಸಿಕ್ತದೋ ಅಂತ ಅಲ್ಲಾಡ್ಲಿಲ್ಲ."

ಆಕೆ ರೂಮಿನಮ್ಮನ ಎರಡೂ ಕೈಗಳನ್ನು ಹುಡುಕಿ ಹಿಡಿದುಕೊಂಡರು. ಮಧ್ಯಾಹ್ನ ಆಕೆಯ ಟ್ಯಾಕ್ಸಿ ಅರಸೀಕೆರೆಯ ರೈಲಿಗೆ ಹೊರಟಿತು.

ಸಂಜೆ ಮಾಲೀಕರು ಬಂದರು. ಪಕ್ಕದ ರೂಮಿನವರ ದೂರು ಅವರಿಗಾಗಲೇ ಮುಟ್ಟಿತ್ತು. "ಬೀಗದ ಕೈ ಕೊಟ್ಟಿದ್ದು ಯಾರು?" ಎಂದು ಕೇಳಿದಾಗ ನಾನು ರಿಜಿಸ್ಟರಿನ ಹಾಳೆ ತಿರುವತೊಡಗಿದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ನಾನೇ ತಗಂಡೆ ಬುದ್ಧಿ. ಈ ಹುಡುಗಿ ಬ್ಯಾಡ ಅಂದ್ಲು, ನಾನ್ ಕೇಳ್ಲಿಲ್ಲ" ಎಂದರು ರೂಮಿನಮ್ಮ.

ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರನ್ನು ರೂಮಿನ ಕೆಲಸದಿಂದ ತೆಗೆದು ಹಿತ್ತಲಿನ ಬಟ್ಟೆ ಒಗೆಯುವ ಶೆಡ್ಡಿಗೆ ಹಾಕಿದರು. ಹದಿನೆಂಟು ರೂಮಿನ ಯಜಮಾನಿಕೆ ಮಾಡಿದವರು ಕುದಿಯುವ ಸೋಡಾ ನೀರಿನ ಮುಂದೆ ನಿಂತರು. ಬೆರಳ ಸಂದಿಯೆಲ್ಲ ಬಿರಿಯಿತು. ಎದುರು ಸಿಕ್ಕಾಗಲೆಲ್ಲ ಎಂದಿನಂತೆ "ಉಂಡ್ಯೇನವ್ವ?" ಎನ್ನುತ್ತಿದ್ದರು. ಅದನ್ನು ಕೇಳುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಆರು ವಾರ ತಡೆದೆ. ಆಮೇಲೆ ಒಂದು ದಿನ ಮಾಲೀಕರ ಮುಂದೆ ಹೋಗಿ ನಿಂತು, "ಬೀಗದ ಕೈ ನಾನು ಕೊಟ್ಟೆ ಸಾರ್. ಅಂಥವರು ಬಂದರೆ ಇನ್ನೊಂದು ಸಲವೂ ಕೊಡ್ತೀನಿ" ಎಂದೆ. ಅವರು ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಹೋಗಿ ಕೆಲಸ ನೋಡು" ಎಂದರು. ಆ ಸೋಮವಾರ ರೂಮಿನಮ್ಮ ರೂಮುಗಳಿಗೆ ಮರಳಿದರು. ವಿಷಯ ತಿಳಿದು ನನ್ನನ್ನೇ ಗದರಿದರು: "ಯಾಕ್ ಬಾಯ್ ಬಿಟ್ಟೆ? ನಿನ್ನ ತೆಗ್ದಿದ್ರೆ ನಿಮ್ಮಪ್ಪಂಗೆ ನಾನೇನ್ ಹೇಳ್ಬೇಕಾಗಿತ್ತು?"

ಆಮೇಲೆ ಅವರು ಬಹಳ ವರ್ಷ ಬದುಕಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗಿಳಿದು ಹುಲಿಕೆರೆಯ ಮನೆ ಸೇರಿದರು. ಅವರು ಹೋದ ಸುದ್ದಿ ಬಂದಾಗ ಕೌಂಟರಿನ ಮುಂದೆ ಒಂದು ಬಸ್ಸಿನ ಪ್ರವಾಸಿಗರು ನಿಂತಿದ್ದರು. ನಾನಾಗ ಅಲ್ಲಿನ ಮ್ಯಾನೇಜರು. ಎಲ್ಲರಿಗೂ ರೂಮು ಕೊಟ್ಟು ಓಡುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದಲ್ಲಿ ನಿಂತು ಅತ್ತೆ.

ಅವರ ಮಗಳು ನೀರು ತಂದುಕೊಟ್ಟಳು. "ಅಳಬ್ಯಾಡಿ ಅಕ್ಕ. ಅವ್ವ ನೆನ್ನೇನೇ ಹೇಳಿತ್ತು: ನಾನ್ ಹೋದಾಗ ಅವಳು ಬರೋದು ತಡ ಆಯ್ತದೆ, ಬಂದೋರ್ನ ಬಾಗ್ಲಲ್ಲಿ ನಿಲ್ಲಿಸಿ ಬರೋಳಲ್ಲ, ಯಾರೂ ಏನೂ ಅನ್ಬ್ಯಾಡಿ ಅಂತ."