ಹಾಲೂ ಕಹಿಯಾದ ದಿನಗಳು

ಮೊದಲು ಕಹಿಯಾದದ್ದು ಚಹಾ. ಬೆಲ್ಲ ಕಡಿಮೆಯಾಯಿತೇನೋ ಎಂದು ಇನ್ನೊಂದು ಚೂರು ಹಾಕಿಕೊಂಡೆ. ಅದೂ ಕಹಿ. ಆಮೇಲೆ ರೊಟ್ಟಿ, ಅನ್ನ, ಕಡೆಗೆ ನೀರು. ಮಧ್ಯಾಹ್ನ ನಮ್ಮವರು ಗದ್ದೆಯಿಂದ ಬರುವಷ್ಟರಲ್ಲಿ ಮೈಯೆಲ್ಲ ನಡುಗುತ್ತಿತ್ತು. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಹಲ್ಲಿನ ಕಟಕಟ ನಿಲ್ಲಲಿಲ್ಲ.

ಚಳಿಜ್ವರ.

ಹಾನಗಲ್ಲಿನ ಕೆರೆ ಗದ್ದೆಗಳ ನಡುವೆ ಬಾಳುವವರಿಗೆ ಇದು ಹೊಸದಲ್ಲ. ಬಂದು ಹೋಗುವ ನೆಂಟ ಎಂದೇ ತಿಳಿದಿದ್ದೆ. ಈ ಸಲ ನೆಂಟ ಹೋಗಲಿಲ್ಲ. ದವಾಖಾನೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಮಲೇರಿಯಾ. ಸ್ಪ್ಲೀನ್, ಅಂದ್ರ ಗುಲ್ಮ, ಬೆಳೆದದ” ಎಂದರು. ಯುದ್ಧದ ಕಾಲ, ಕ್ವಿನೈನ್ ಸಿಗುವುದೇ ಕಷ್ಟ. ಇದ್ದದ್ದರಲ್ಲೇ ಮಿಕ್ಸ್ಚರ್ ಮಾಡಿ ಕೊಟ್ಟರು. ಕುಡಿದೆ, ವಾಂತಿ ಮಾಡಿದೆ, ಮತ್ತೆ ಕುಡಿದೆ. ನಡುಕವೇನೋ ಕಡಿಮೆಯಾಯಿತು. ಹೊಟ್ಟೆಗೆ ಮಾತ್ರ ಏನೂ ಇಳಿಯಲಿಲ್ಲ.

“ಔಷಧ ತನ್ನ ಕೆಲಸ ಮಾಡೇದ,” ಎಂದು ಡಾಕ್ಟರು ನಮ್ಮವರನ್ನು ಬಾಗಿಲಾಚೆ ಕರೆದು ಹೇಳಿದರು. “ಹಿಂಗ ಉಪಾಸ ಇದ್ದರ ಉಳಿಯೂದು ಕಷ್ಟ. ಹಾಲರ ಕುಡಸ್ರಿ.”

ನನಗೆ ಕೇಳಿಸಿತು.

ನಮ್ಮವರು ಓಣಿಯವರ ಮನೆಯಿಂದ ಹಾಲು ತಂದರು. ಒಂದು ಗುಟುಕಿಗೇ ಉಗುಳಿ, ಕೆಟ್ಟ ಹಾಲು ತಂದಿದ್ದೀರಿ ಎಂದು ಆ ಬಡಪಾಯಿಯ ಮೇಲೆ ಹರಿಹಾಯ್ದೆ. ಏಳಲು ತ್ರಾಣವಿಲ್ಲದಿದ್ದರೂ ಬೈಯಲು ನನಗೆ ತ್ರಾಣವಿತ್ತು.

ಒಳ್ಳೆಯ ಹಾಲು ಇದ್ದದ್ದು ಗೋಡೆಯ ಆಚೆ. ಹಿಂದಿನ ವರ್ಷ ನಮ್ಮವರೂ ಅವರ ಅಣ್ಣನೂ ಪಾಲಾದಾಗ ಪಡಸಾಲೆಯ ನಡುವೆ ಎದ್ದ ಗೋಡೆ ಅದು. ಕರುವಿನಿಂದ ನಾನೇ ಸಾಕಿದ ಕರಿ ಎಮ್ಮೆ ಭಾವನವರ ಪಾಲಿಗೆ ಹೋಯಿತು. ಅಂದು ನಾನು ವಿಭೂತಿ ಮುಟ್ಟಿ, ಭಾವನವರ ಹೆಂಡತಿ, ನನ್ನ ನೆಗೆಣ್ಣಿ ಗಂಗವ್ವನ ಎದುರೇ ಆಣೆ ಇಟ್ಟಿದ್ದೆ: “ಇನ್ನ ನಿಮ್ಮ ಮನೀ ಹನಿ ನೀರೂ ಮುಟ್ಟಂಗಿಲ್ಲ.” ಅವರ ಮನೆಯಲ್ಲಿ ಲಗ್ನವಾದಾಗಲೂ ಮುಟ್ಟಲಿಲ್ಲ. ಎರಡೂ ಮನಿಯೊಳಗ ಕಹಿ ಆಗೇತಿ ಎಂದು ಓಣಿಯವರು ಆಡಿಕೊಂಡರು.

ಡಾಕ್ಟರು ಬಂದುಹೋದ ಮಾರನೆಯ ಮುಂಜಾನೆ ಗಂಗವ್ವ ಬಟ್ಟಲು ಹಿಡಿದುಕೊಂಡು ಒಳಗೆ ಬಂದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

“ಇದು ಹಾಲಲ್ಲ. ನೆಲಬೇವು ಕುದಿಸಿ ಹಾಕೇನಿ, ಔಷಧ ಐತಿ,” ಎಂದಳು. “ನೀ ಆಣಿ ಇಟ್ಟದ್ದು ಅನ್ನ ನೀರಿಗೆ. ಔಷಧಕ್ಕ ಎಲ್ಲಿ ಆಣಿ?”

ಕತ್ತಲ ಕೋಣೆ. ಬಣ್ಣ ನೋಡುವ ಶಕ್ತಿ ಇರಲಿಲ್ಲ. ಬಾಯಿಗೆ ಹಾಕಿಕೊಂಡರೆ ನಿಜಕ್ಕೂ ಕಹಿ. ಹಾಲು ಕಹಿಯಾದರೆ ಉಗುಳಬಹುದು, ಔಷಧ ಕಹಿ ಇರಲೇಬೇಕಲ್ಲ. ನುಂಗಿದೆ. ಹೊಟ್ಟೆಯಲ್ಲಿ ನಿಂತಿತು. ಸಂಜೆ ಮತ್ತೆ ತಂದಳು. ಅವಳು ದಿನವೂ ಬಂದಳು, ಕುಡಿಸಿ ಹೋದಳು. ಗೋಡೆಗೆ ಒರಗಿ ಕೂಡುವಷ್ಟಾದೆ. ಬಾಗಿಲವರೆಗೆ ನಡೆದೆ. ಅವಳ ಬಳೆಯ ಸದ್ದಿಗಾಗಿ ಕಾಯತೊಡಗಿದೆ, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಒಂದು ಮುಂಜಾನೆ ಅರ್ಧ ಕುಡಿದು ತಡೆದೆ.

ಸಿಹಿಯಾಗಿತ್ತು.

“ಅಕ್ಕಾ, ಇವತ್ತ ನೆಲಬೇವು ಹಾಕೂದು ಮರತ್ರೇನು?”

“ಒಂದಿನಾನೂ ಹಾಕಿಲ್ಲವಾ. ಬರೇ ಹಾಲು. ನಿನ್ನ ಕರಿ ಎಮ್ಮೀದು.”

“ಹಂಗಾರ ಆ ಕಹಿ?”

“ಅದು ನಿನ್ನ ಬಾಯಾಂದು. ಜ್ವರದ್ದು.”

ಸಿಟ್ಟು ನೆತ್ತಿಗೇರಿತು. “ನನ್ನ ಆಣಿ ಮುರಸಿದ್ರಿ!”

“ಇಷ್ಟು ದಿನ ಗೊತ್ತಿಲ್ಲದ ಕುಡದಿ. ಆ ಪಾಪ ನನ್ನ ತಲಿ ಮ್ಯಾಲ ಇರಲಿ,” ಎಂದು ಬಟ್ಟಲನ್ನು ನನ್ನ ಮುಂದಿಟ್ಟು ಎದ್ದಳು. “ಉಳದದ್ದು ನೀನ ನೋಡ್ಕೋ.”

ಜ್ವರ ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಸ್ಪ್ಲೀನ್ ಇನ್ನೂ ಪೂರ್ತಿ ಇಳಿದಿಲ್ಲ, ಮಜ್ಜಿಗೆ ಕಡೆಯುವಷ್ಟೂ ಕೈಯಲ್ಲಿ ಕಸುವಿಲ್ಲ. ಆದರೂ ಬದುಕಿದ್ದೇನೆ. ಔಷಧ ಕೊಟ್ಟ ಡಾಕ್ಟರರ ಋಣವಿದೆ. ಅದಕ್ಕಿಂತ ದೊಡ್ಡ ಋಣ ಯಾರದೆಂದು ಆ ಮುಂಜಾನೆಯೇ ನನಗೆ ಗೊತ್ತಿತ್ತು.

ಅಂದು ಬಟ್ಟಲಲ್ಲಿ ಇನ್ನೂ ಅರ್ಧ ಹಾಲಿತ್ತು. ಗಂಗವ್ವ ಹೊಸ್ತಿಲ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಕುಡಿದೆ.

“ಅಕ್ಕಾ,” ಎಂದೆ, “ನಾಳೆ ಇನ್ನೊಂದೀಟು ಹೆಚ್ಚ ತರ್ರಿ.”