ಕೊಕ್ಕೆ ಮೇಷ್ಟ್ರ ಒಂದೇ ಉದಾಹರಣೆ

ನಮ್ಮ ಬೀದಿಯ ಅಂಗಡಿಗಳ ಇಂಗ್ಲಿಷ್ ಬೋರ್ಡುಗಳ ಮೇಲೆ ಅಲ್ಲಲ್ಲಿ ಕೆಂಪು ಬಣ್ಣದ ಪುಟ್ಟ ಕೊಕ್ಕೆಗಳು, ಅಂದರೆ ಇಂಗ್ಲಿಷಿನಲ್ಲಿ ‘ಇಂಥವರದ್ದು’ ಎಂದು ತೋರಿಸುವ ಅಪಾಸ್ಟ್ರಫಿಗಳು, ಕಾಣುತ್ತವೆ. ಅವನ್ನು ಅಂಗಡಿಯವರು ಬರೆಸಿದ್ದಲ್ಲ. ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಬೆಳಿಗ್ಗೆ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಒಂದು ಸ್ಟೂಲು, ಒಂದು ಕುಂಚ, ಪಾಲಿಶ್ ಡಬ್ಬಿಯಲ್ಲಿ ಒಂದಿಷ್ಟು ಕೆಂಪು ಬಣ್ಣ ಹಿಡಿದು ಹೊರಟು, ಊರವರನ್ನು ತಿದ್ದಿ ಬಂದ ಗುರುತುಗಳು ಅವು. ಜನ ಅವರನ್ನು ಕೊಕ್ಕೆ ಮೇಷ್ಟ್ರು ಅನ್ನುತ್ತಾರೆ. ಅದನ್ನು ಅವರು ಬಿರುದು ಎಂದುಕೊಂಡಿದ್ದಾರೆ.

ಮೂಲೆಯ ಟೈಲರ್ ತನ್ನ ಅಂಗಡಿಗೆ ‘ಲೇಡೀಸ್ ಆ್ಯಂಡ್ ಜೆಂಟ್ಸ್ ಟೈಲರ್’ ಎಂದು ಬರೆಸಿದ್ದ. ಒಂದು ದಿನ ಲೇಡೀಸ್, ಜೆಂಟ್ಸ್ ಎರಡೂ ಪದಗಳ ತುದಿಗೆ ಕೊಕ್ಕೆ ಬಂದು ಕೂತಿತು.

“ಏನ್ ಮೇಷ್ಟ್ರೇ, ಬೋರ್ಡ್ ಮೇಲೆ ಸೊಳ್ಳೆ ಕೂರಿಸಿ ಹೋಗಿದೀರಿ?” ಎಂದು ಕೇಳಿದ ಅವನು.

“ಹೆಂಗಸರ ಬಟ್ಟೆ ಬೇರೆ, ಗಂಡಸರ ಬಟ್ಟೆ ಬೇರೆ. ಆ್ಯಂಡ್‌ಗೆ ಆಚೆಗೊಂದು ಈಚೆಗೊಂದು ಕೊಕ್ಕೆ ಬೇಕು. ಇಲ್ದಿದ್ರೆ ಇಬ್ಬರಿಗೂ ಸೇರಿಸಿ ಒಂದೇ ಬಟ್ಟೆ ಹೊಲೀತೀಯ ಅಂತ ಅರ್ಥ ಆಗುತ್ತೆ.”

“ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಅರ್ಥ ಮಾಡ್ಕೊಂಡು ಬಂದಿಲ್ಲ ಸಾರ್. ನೀವೇ ಮೊದಲು.”

ಮೇಷ್ಟ್ರು ಅವನನ್ನು ನೋಡಿದ ನೋಟದಲ್ಲಿ ಅವನಿಗೆ ಅಕ್ಷರ ಕಲಿಸಿದವರ ಮೇಲೂ ಅಸಹ್ಯವಿತ್ತು. ಒಂದು ಬೇಕರಿಯವನು, ಒಂದು ಔಷಧದಂಗಡಿಯವನು, ಕೊನೆಗೆ ಶಾಲೆಯ ಹೆಡ್‌ಮಾಸ್ಟರು ಕೂಡ ಆ ನೋಟ ಕಂಡವರೇ. ತಾನು ಕೊಕ್ಕೆ ಹಾಕದೆ ಹೋದರೆ ಊರು ಒಂದು ದಿನವೂ ನಡೆಯದು ಎಂಬಂತೆ ಮೇಷ್ಟ್ರು ನಡೆಯುತ್ತಿದ್ದರು.

ಮನೆಯ ಮುಂದಿನ ಕೋಣೆಯಲ್ಲಿ ಅವರು ಮೂವತ್ತು ವರ್ಷ ಟ್ಯೂಷನ್ ಮಾಡಿದ್ದಾರೆ. ಪಾಠ ಬಹಳ ಇದ್ದರೂ ಅವರಿಗೆ ಪ್ರಾಣವಾಗಿದ್ದದ್ದು ಇದೊಂದೇ. ಒಂದು ವಸ್ತು ಹಲವರಿಗೆ ಸೇರಿದ್ದಾದರೆ ಕೊಕ್ಕೆ ಒಂದೇ, ಅದೂ ಆ್ಯಂಡ್ ಆದಮೇಲೆ ಬರುವ ಕೊನೆಯ ಹೆಸರಿಗೆ. ಬೇರೆ ಬೇರೆ ವಸ್ತುಗಳಾದರೆ ಒಬ್ಬೊಬ್ಬರಿಗೂ ಒಂದೊಂದು. ಆ ಕೊನೆಯವರು ಒಬ್ಬರಲ್ಲದೆ ಹಲವರಾದರೆ ಕೊಕ್ಕೆ ಎಸ್ ಅಕ್ಷರಕ್ಕೂ ಆಚೆ, ಎಲ್ಲಕ್ಕಿಂತ ತುದಿಗೆ. ಮಕ್ಕಳಿಗೆ ಇದು ತಲೆಗೆ ಹತ್ತಲೆಂದು ಮೇಷ್ಟ್ರು ಒಂದು ಅಭ್ಯಾಸ ಮಾಡಿಸಿದ್ದರು. ವಾಕ್ಯವನ್ನು ಎಲ್ಲರೂ ಒಟ್ಟಿಗೆ ಹೇಳಬೇಕು, ಕೊಕ್ಕೆ ಬಂದ ಕಡೆ ಬೆರಳ ಗೆಣ್ಣಿನಿಂದ ಬೆಂಚನ್ನು ಕುಟ್ಟಬೇಕು.

“ದಿ ಬ್ರದರ್ ಆ್ಯಂಡ್ ಸಿಸ್ಟರ್ಸ್,” ಟಕ್, “ಹೌಸ್.”

“ಯಾರ ಮನೆ?”

“ತಮ್ಮಂದೂ ಅಕ್ಕಂದಿರದ್ದೂ ಸಾರ್.”

“ಎಷ್ಟು ಮನೆ?”

“ಒಂದೇ ಸಾರ್.”

ಮೂವತ್ತು ವರ್ಷಕ್ಕೂ ಇದೊಂದೇ ಉದಾಹರಣೆ. ಊರಿನ ವಾಕ್ಯಗಳನ್ನೆಲ್ಲ ತಿದ್ದುವ ಈ ಮನುಷ್ಯನಿಗೆ ಸ್ವಂತದ್ದೊಂದು ವಾಕ್ಯ ಹುಟ್ಟಿಸಲು ಬರುತ್ತಿರಲಿಲ್ಲ. ಮೊದಲ ದಿನ ಪಾಠ ಮಾಡುವಾಗ ಸುತ್ತ ನೋಡಿದ್ದಾರೆ. ಮನೆ ಕಂಡಿದೆ, ಒಳಗೆ ಅಕ್ಕಂದಿರು ಕಂಡಿದ್ದಾರೆ. ಅದನ್ನೇ ಹಲಗೆಯ ಮೇಲೆ ಬರೆದಿದ್ದಾರೆ. ಆಮೇಲೆ ಬದಲಾಯಿಸುವ ಗೋಜಿಗೇ ಹೋಗಲಿಲ್ಲ.

ಆ ಅಕ್ಕಂದಿರು ಇಬ್ಬರು. ದೊಡ್ಡಕ್ಕ ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹಿಂದಿರುಗಿದವಳು. ಚಿಕ್ಕಕ್ಕ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ. ಟ್ಯೂಷನ್ ಕೋಣೆಯ ಗೋಡೆಯಾಚೆ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ತಮ್ಮನ ಕಾಲೇಜು ಓದು ನಡೆದದ್ದು ಆ ಯಂತ್ರಗಳ ಮೇಲೆಯೇ. ತಾಯಿ ಸಾಯುವಾಗ ಮನೆಯನ್ನು ಮೂವರ ಹೆಸರಿಗೂ ಮಾಡಿಟ್ಟಿದ್ದಳು. ಇಬ್ಬರಿಗೂ ಇಂಗ್ಲಿಷ್ ಬಾರದು. ಆದರೆ ದೇವರು ಕೊಟ್ಟ ಕಿವಿ ಇದೆಯಲ್ಲ. ಗೋಡೆಯಾಚೆಯಿಂದ ‘ಟಕ್’ ಎಂದಾಗ ದೊಡ್ಡಕ್ಕ ತುಳಿಯುತ್ತಿದ್ದ ಕಾಲನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದಳಂತೆ. “ಪ್ರಾರ್ಥನೆ ಕೇಳಿದ ಹಾಗಿರ್ತಿತ್ತು ಕಣೆ. ದಿನಾ ಊರ ಮಕ್ಕಳು ನಮ್ಮ ಹೆಸರಲ್ಲಿ ಮನೆ ಹೇಳ್ತಿದ್ರು,” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಹೋದ ವರ್ಷ ಮೇಷ್ಟ್ರಿಗೆ ಮನೆ ಕೆಡವಿ ಮೂರು ಮಹಡಿಯ ಇಂಗ್ಲಿಷ್ ಸಂಸ್ಥೆ ಕಟ್ಟುವ ಆಸೆ ಹುಟ್ಟಿತು. ಕಟ್ಟಿಕೊಡುವವನು ಮನೆ ಒಬ್ಬರ ಹೆಸರಲ್ಲೇ ಇರಬೇಕು ಎಂದ. ಅಕ್ಕಂದಿರಿಗೆ ಊರಾಚೆ ಒಂದು ಬಾಡಿಗೆ ಕೋಣೆಯನ್ನೂ ಮೇಷ್ಟ್ರು ನೋಡಿಟ್ಟರು. ಅಲ್ಲಿ ಮಂಚ ಎರಡು ಹಿಡಿಯುತ್ತವೆ, ಯಂತ್ರ ಒಂದೂ ಹಿಡಿಯುವುದಿಲ್ಲ. ಈ ಯಾವುದನ್ನೂ ಅವರು ಅಕ್ಕಂದಿರಿಗೆ ಹೇಳಲಿಲ್ಲ.

“ಮೇಲೊಂದು ಕೋಣೆ ಹಾಕಿಸ್ತೀನಿ ದೊಡ್ಡಕ್ಕ. ಅದರ ಪರ್ಮಿಷನ್‌ಗೆ ನಿಮ್ಮಿಬ್ಬರ ಸೈನ್ ಬೇಕಂತೆ. ನಾಳೆ ಆಫೀಸಿಗೆ ಬಂದು ಹಾಕಿಬಿಡಿ,” ಎಂದರು.

“ಕಿಟಕಿ ಇರೋ ಕೋಣೆನಾ?” ಎಂದು ಕೇಳಿದಳು ಚಿಕ್ಕಕ್ಕ.

“ಎರಡು ಕಿಟಕಿ.”

ಚಿಕ್ಕಕ್ಕ ಅವತ್ತು ಸಂತೋಷಕ್ಕೆ ನಮ್ಮ ಮನೆಗೂ ಬಂದು ಹೇಳಿ ಹೋದಳು. ಕಣ್ಣು ಮಂಜಾಗುತ್ತಿದೆ, ಇನ್ನು ಬೆಳಕಲ್ಲಿ ಸೂಜಿಗೆ ದಾರ ಪೋಣಿಸಬಹುದು ಎಂದಳು. ಅಂಥವಳಿಗೆ ಸುಳ್ಳು ಹೇಳಲು ಎಷ್ಟು ವಿದ್ಯೆ ಬೇಕೋ ನಾನು ಕಾಣೆ.

ನೋಂದಣಿ ಕಚೇರಿಯ ಉದ್ದನೆಯ ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಮೇಷ್ಟ್ರ ಹಳೆಯ ಶಿಷ್ಯ. ಎದ್ದು ನಿಂತು ಕೈ ಮುಗಿದ. ಮೇಷ್ಟ್ರು ಕುರ್ಚಿಯ ಮೇಲೆ ಕೂತು ಮೊದಲು ಮಾಡಿದ ಕೆಲಸ, ಗೋಡೆಯ ಮೇಲಿನ ಸೂಚನಾ ಫಲಕದ ತಪ್ಪು ಹುಡುಕಿದ್ದು.

“ನಿಮ್ಮ ಪಬ್ಲಿಕ್ ನೋಟೀಸಲ್ಲಿ ಎರಡು ಕೊಕ್ಕೆ ಕಮ್ಮಿ ಇದೆ. ನಿಂಗೆ ಕಲಿಸಿದ್ದು ನೀರಲ್ಲಿ ಹೋಮ ಆಯ್ತು.”

“ನಾನು ಬರೆದಿದ್ದಲ್ಲ ಸಾರ್,” ಎಂದು ಗುಮಾಸ್ತ ನಕ್ಕು ಕಾಗದ ಬಿಚ್ಚಿದ. ಪತ್ರವನ್ನು ಮೇಷ್ಟ್ರೇ ಇಂಗ್ಲಿಷಿನಲ್ಲಿ ಬರೆದಿದ್ದರು. ಅಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಓದುತ್ತಾ ಅವನ ನಗು ಇಳಿಯಿತು.

“ಸೈನ್ ಹಾಕೋ ಮೊದಲು ಕೇಳಲೇಬೇಕು ಸಾರ್, ನಿಯಮ. ಮನೆ ಯಾರದ್ದು?”

“ನಂದೇ. ಇವರದ್ದು ಹೆಸರಿಗೆ ಮಾತ್ರ.”

ಗುಮಾಸ್ತನ ಬಲಗೈ ಮೇಜಿನ ಮೇಲಿತ್ತು. ಅವನು ಬೇಕೆಂದು ಮಾಡಿದನೋ, ಅವನೊಳಗಿನ ಹತ್ತು ವರ್ಷದ ಹುಡುಗನ ಗೆಣ್ಣು ತಾನಾಗಿಯೇ ಮಾಡಿತೋ, ಮೇಜನ್ನು ಒಮ್ಮೆ ಕುಟ್ಟಿತು. ಟಕ್. ಪಕ್ಕದ ಮೇಜಿನಲ್ಲಿ ಮೊಹರು ಒತ್ತುತ್ತಿದ್ದ ಹೆಂಗಸು ತಲೆ ಎತ್ತದೆಯೇ “ಹೌಸ್” ಎಂದಳು. ಅವಳೂ ಆ ಬೆಂಚಿನ ಮೇಲೆ ಕೂತವಳೇ.

ದೊಡ್ಡಕ್ಕ ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು.

“ಏನು ಬರೆದಿದೆ, ನಮಗೆ ತಿಳಿಯೋ ಹಾಗೆ ಹೇಳಪ್ಪ.”

“ಅದೆಲ್ಲ ಕಾನೂನಿನ ಭಾಷೆ, ನಿಂಗೆ ಅರ್ಥ ಆಗಲ್ಲ,” ಎಂದರು ಮೇಷ್ಟ್ರು.

“ನಿನ್ನ ಕೇಳ್ಲಿಲ್ಲ ತಮ್ಮ.”

ಗುಮಾಸ್ತ ಕಾಗದದಿಂದ ಕಣ್ಣೆತ್ತಲಿಲ್ಲ. “ಈ ಮನೆ ಮೇಲೆ ನಮ್ಮಿಬ್ಬರಿಗೂ ಯಾವ ಹಕ್ಕೂ ಬೇಡ, ಎಲ್ಲಾ ತಮ್ಮನಿಗೆ ಬಿಟ್ಟುಕೊಟ್ಟಿದೀವಿ ಅಂತ ಇದೆ ಅಮ್ಮ.”

“ಮೇಲಿನ ಕೋಣೆ ವಿಷಯ?”

“ಕೋಣೆ ಅನ್ನೋ ಮಾತೇ ಇಲ್ಲ.”

ಚಿಕ್ಕಕ್ಕ ತಮ್ಮನ ಕಡೆ ತಿರುಗಿದಳು. “ಎರಡು ಕಿಟಕಿ ಅಂದಿದ್ಯಲ್ಲ,” ಎಂದಳು. ಅಷ್ಟೇ.

“ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಮನೆ ಮೂವರದ್ದು ಅಂತ ಬಾಯಿಪಾಠ ಮಾಡಿಸಿದೋನು ನೀನೇ,” ಎಂದಳು ದೊಡ್ಡಕ್ಕ.

“ಅದು ಬರೀ ಉದಾಹರಣೆ ದೊಡ್ಡಕ್ಕ.”

“ಉದಾಹರಣೆಗಾದ್ರೂ ಒಂದು ಸುಳ್ಳು ಸಿಗ್ಲಿಲ್ವಾ ನಿಂಗೆ? ಇವತ್ತು ಇಷ್ಟು ಸಲೀಸಾಗಿ ಸಿಕ್ತಲ್ಲ.”

ಮೇಷ್ಟ್ರು ಸುತ್ತ ನೋಡಿದರು. ಮೊಹರಿನ ಹೆಂಗಸು, ಸಾಲಿನಲ್ಲಿದ್ದ ನಾಲ್ಕು ಜನ, ಬಾಗಿಲ ಬಳಿಯ ಜೆರಾಕ್ಸ್‌ನವನು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಊರಿಗೆಲ್ಲ ಅವರು ಹಂಚಿದ್ದ ನೋಟ ಅದೇ, ಒಟ್ಟಾಗಿ ಹಿಂದಿರುಗಿ ಬಂದಂತಿತ್ತು. ಅದನ್ನು ಹೊರುವ ಬೆನ್ನು ಅವರಿಗಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಅಕ್ಕಂದಿರನ್ನು ಅಲ್ಲೇ ಬಿಟ್ಟು ಹೊರಟುಹೋದರು. ಪಾಲಿಶ್ ಡಬ್ಬಿಯಷ್ಟು ಗಾತ್ರದ ಮನುಷ್ಯ ಎಂದು ನನಗೆ ಮೊದಲಿನಿಂದಲೂ ಗುಮಾನಿಯಿತ್ತು. ಅವತ್ತು ಅಕ್ಕಂದಿರ ಬಾಯಲ್ಲಿ ಇದನ್ನೆಲ್ಲ ಕೇಳಿದ ಮೇಲೆ ಖಾತ್ರಿಯಾಯಿತು.

ಇಬ್ಬರೂ ನಡೆದೇ ಮನೆಗೆ ಬಂದರು. ಬಂದವರು ಬಟ್ಟೆ ಬದಲಿಸುವ ಮೊದಲೇ ಹಿಂದಿನ ಕೋಣೆಯಿಂದ ಯಂತ್ರಗಳನ್ನು ಎಳೆದು ತಂದು ಮುಂದಿನ ಕೋಣೆಯ ಕಿಟಕಿಗೆ ಆನಿಸಿ ಇಟ್ಟರು. ಕೈ ಕೊಡಲು ನನ್ನನ್ನು ಕರೆದರು. ಬೆಂಚುಗಳನ್ನು ಹೊತ್ತು ಒಳಗೆ ಹಾಕಿದೆವು. ಸಂಜೆ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು.

“ನನ್ನ ಕ್ಲಾಸು?”

“ಒಳಗಡೆ ಕೋಣೆಲಿ ಮಾಡು. ಕತ್ತಲೆ ಅಂತ ಏನಿಲ್ಲ, ನಾವು ಇದ್ವಲ್ಲ,” ಎಂದಳು ದೊಡ್ಡಕ್ಕ ದಾರ ಪೋಣಿಸುತ್ತಾ.

ಈಗ ಪಾಠ ಅಲ್ಲೇ ನಡೆಯುತ್ತದೆ. ಮೇಷ್ಟ್ರು ಉದಾಹರಣೆ ಬದಲಿಸಿದ್ದಾರೆ. ರಾಜನೊಬ್ಬ, ರಾಣಿಯರು, ಅವರದ್ದೊಂದು ಅರಮನೆ. ಮಕ್ಕಳಿಗೆ ಅದು ನೆನಪಿನಲ್ಲಿ ನಿಲ್ಲುತ್ತಿಲ್ಲವಂತೆ. ತಮ್ಮ ಮನೆಯ ಅಣ್ಣ ಅಕ್ಕಂದಿರಿಂದ ಕಲಿತು ಬಂದ ಹಳೆಯದನ್ನೇ ಹೇಳಿ ಬೈಸಿಕೊಳ್ಳುತ್ತವೆ.

ಹೋದ ವಾರ ಅಕ್ಕಂದಿರು ಮನೆಯ ಮುಂದೆ ಒಂದು ಬೋರ್ಡು ಹಾಕಿಸಿದರು. ಮಾರನೆಯ ಬೆಳಿಗ್ಗೆ ನಾನು ಹೂ ಬಿಡಿಸುತ್ತಿದ್ದಾಗ ಮೇಷ್ಟ್ರು ಸ್ಟೂಲು ಹತ್ತಿ, ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ ಹಿಡಿದು, ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ‘ಅಕ್ಕಂದಿರ ಹೊಲಿಗೆ ಮನೆ’ ಎಂದು ಕನ್ನಡದಲ್ಲಿ ಬರೆದಿತ್ತು. ಕೊಕ್ಕೆ ಹಾಕಲು ಎಲ್ಲೂ ಜಾಗ ಸಿಗದೆ ಇಳಿದರು. ಕುಂಚದಿಂದ ಒಂದು ಹನಿ ಅವರದೇ ಚಪ್ಪಲಿಯ ಮೇಲೆ ಬಿತ್ತು.